ಮಂಗಾದ ಕಣ್ಣು, ಸಿನಿಮಾದ ಮುಖ: ‘ಅಲಿಟಾ’ ರೂಪಾಂತರದ ಬಗ್ಗೆ ಒಂದು ಟಿಪ್ಪಣಿ

ಗಡಿಯಾಚೆಯ ಕನ್ನಡದ ಕುರಿತ ಮಾತುಕತೆಯಲ್ಲಿ ಜಪಾನಿನ ಕಾಮಿಕ್ಸಿಗೆ ಏನು ಕೆಲಸ ಅಂತ ನಿಮಗೆ ಅನ್ನಿಸಬಹುದು. ನನಗೆ ಕೊಟ್ಟ ವಿಷಯ ರೂಪಾಂತರ. ಗಡಿ ದಾಟಿದ ವಸ್ತುವಿನಲ್ಲಿ ಯಾವುದು ಹಾಗೆಯೇ ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂಬುದು ಕಾಸರಗೋಡಿನವರಾದ ನಮಗೆ ಬರೀ ಪುಸ್ತಕದ ಪ್ರಶ್ನೆ ಅಲ್ಲ. ಆದರೆ ನಮ್ಮದೇ ಉದಾಹರಣೆ ಎತ್ತಿಕೊಂಡರೆ ಮಾತು ಬೇಗ ಬಿಸಿಯಾಗುತ್ತದೆ. ಹಾಗಾಗಿ ದೂರದ್ದೊಂದನ್ನು ಆರಿಸಿಕೊಂಡೆ: 2019ರ ‘ಅಲಿಟಾ: ಬ್ಯಾಟಲ್ ಏಂಜೆಲ್’ ಎಂಬ ಸಿನಿಮಾ.

ಮೂಲ ಕೃತಿ ಯುಕಿತೊ ಕಿಶಿರೊ ಅವರ ಮಂಗಾ. ಅಂದರೆ ಜಪಾನೀ ಕಾಮಿಕ್ಸ್. 1990ರಲ್ಲಿ ಶುರುವಾಗಿ 1995ರಲ್ಲಿ ಮುಗಿಯಿತು, ಒಂಬತ್ತು ಸಂಪುಟ. ಆಕಾಶದಲ್ಲಿ ತೂಗುವ ನಗರ, ಅದರ ಕಸ ಬಂದು ಬೀಳುವ ಕೆಳಗಿನ ಊರು. ಆ ಕಸದ ರಾಶಿಯಲ್ಲಿ ಇಡೊ ಎಂಬ ವೈದ್ಯನಿಗೆ ಒಂದು ಯಂತ್ರ-ಹುಡುಗಿಯ ತಲೆ ಮತ್ತು ಎದೆಯ ಭಾಗ ಸಿಗುತ್ತದೆ. ಮಿದುಳು ಇನ್ನೂ ಜೀವಂತ, ನೆನಪು ಮಾತ್ರ ಇಲ್ಲ. ಅವನು ಅವಳಿಗೆ ಮೈ ಕೊಡುತ್ತಾನೆ, ಹೆಸರು ಕೊಡುತ್ತಾನೆ.

ಈ ಹೆಸರಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಜಪಾನಿಯಲ್ಲಿ ಅವಳು ಗ್ಯಾಲಿ. ಇಡೊ ಸಾಕಿದ್ದ, ಸತ್ತುಹೋದ ಬೆಕ್ಕಿನ ಹೆಸರು ಅದು. ಗಂಡು ಬೆಕ್ಕು ಬೇರೆ! ಇಂಗ್ಲಿಷ್ ಅನುವಾದಕ್ಕೆ ಬರುವಾಗ ಗ್ಯಾಲಿ ಅಲಿಟಾ ಆದಳು, ಯೂಗೊ ಹ್ಯೂಗೊ ಆದ, ಮೇಲಿನ ನಗರ ಸಾಲೆಮ್ ಹೋಗಿ ಟಿಫಾರೆಸ್ ಆಯಿತು. ಸಿನಿಮಾದವರು ಹುಡುಗಿಗೂ ಹುಡುಗನಿಗೂ ಇಂಗ್ಲಿಷಿನ ಹೆಸರನ್ನೇ ಇಟ್ಟುಕೊಂಡು, ನಗರಕ್ಕೆ ಮಾತ್ರ ಹಳೆಯ ಸಾಲೆಮ್ ಅನ್ನು ವಾಪಸ್ ತಂದರು. ಮಂಜೇಶ್ವರಕ್ಕೆ ಮಲಯಾಳದಲ್ಲಿ ಒಂದು ‘ಅಂ’ ಸೇರಿದರೆ ಎಷ್ಟು ಮಾತು ಹುಟ್ಟುತ್ತದೆ ಅಂತ ಗೊತ್ತಿರುವ ನನಗೆ ಈ ಅರೆಬರೆ ವಾಪಸಾತಿ ಕುತೂಹಲ ಹುಟ್ಟಿಸಿತು. ಇನ್ನೂ ಮುಖ್ಯವಾದದ್ದು, ಬೆಕ್ಕಿನ ಬದಲು ತೀರಿಕೊಂಡ ಮಗಳ ಹೆಸರು ಬಂತು. ಇಡೊ ತನ್ನ ನಡೆಯಲಾಗದ ಮಗಳಿಗಾಗಿ ಮಾಡಿಟ್ಟ ದೇಹವನ್ನೇ ಇವಳಿಗೆ ಜೋಡಿಸುತ್ತಾನೆ. ಬೆಕ್ಕಿನ ಹೆಸರಲ್ಲಿ ಒಂದು ಒರಟು ತಮಾಷೆ ಇತ್ತು, ಅದು ಹೋಯಿತು. ನನಗೆ ಅದು ನಷ್ಟವೇ. ಆದರೆ ಎರಡು ಗಂಟೆಯ ಸಿನಿಮಾಕ್ಕೆ ಅಪ್ಪ-ಮಗಳ ಗಂಟು ಬೇಗ ಬೀಳಬೇಕಿತ್ತು.

ಜಾಗವೂ ಬದಲಾಯಿತು. ಮಂಗಾದ ಊರು ಅಮೆರಿಕದ ಕನ್ಸಾಸ್ ಸಿಟಿಯ ಹತ್ತಿರದ್ದು. ಸಿನಿಮಾದ ಬರಹಗಾರ-ನಿರ್ಮಾಪಕ ಜೇಮ್ಸ್ ಕ್ಯಾಮರಾನ್ ಇಲ್ಲಿ ಲೆಕ್ಕಕ್ಕೆ ಕೂತರು: ಬಾಹ್ಯಾಕಾಶಕ್ಕೆ ಕಟ್ಟಿದ ಲಿಫ್ಟಿನ ಬುಡ ಭೂಮಧ್ಯರೇಖೆಯ ಆಸುಪಾಸಲ್ಲಿ ಇರಬೇಕಲ್ಲ? ಹಾಗೆ ಊರು ಪನಾಮಾ ಕಡೆ ಜಾರಿತು. ಬೀದಿಯ ಬೋರ್ಡುಗಳಲ್ಲಿ ಸ್ಪ್ಯಾನಿಷ್ ಬಂತು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಿರ್ದೇಶಕ ರಾಬರ್ಟ್ ರೊಡ್ರಿಗಸ್ ಆ ಬೀದಿಗಳನ್ನು ಸೆಟ್ ಹಾಕಿ ಕಟ್ಟಿಸಿದರು. ಕ್ಯಾಮರಾನ್ ‘ಅವತಾರ್’ ಕೆಲಸದಲ್ಲಿ ಮುಳುಗಿ ವರ್ಷಗಟ್ಟಲೆ ಇದನ್ನು ಬದಿಗಿಟ್ಟಿದ್ದರು. ಅವರ ಉದ್ದದ ಚಿತ್ರಕಥೆಯನ್ನು ಕತ್ತರಿಸಿ ಹದಕ್ಕೆ ತಂದವರೂ ರೊಡ್ರಿಗಸ್ ಅವರೇ.

ಇಷ್ಟೆಲ್ಲ ಬದಲಾಯಿಸಿದವರು ಒಂದನ್ನು ಮಾತ್ರ ಬಿಡಲಿಲ್ಲ, ಮಂಗಾದ ದೊಡ್ಡ ಕಣ್ಣು. ತೊಡಕು ಇರುವುದು ಅಲ್ಲೇ.

ನಮ್ಮ ತೆಂಕುತಿಟ್ಟಿನ ಆಟವನ್ನೇ ನೋಡಿ. ಚುಟ್ಟಿ ಇಟ್ಟ ಬಣ್ಣದ ವೇಷ ರಂಗಕ್ಕೆ ಬಂದಾಗ ಇಂಥ ಮುಖ ಎಲ್ಲಾದರೂ ಉಂಟಾ ಅಂತ ಯಾರೂ ಕೇಳುವುದಿಲ್ಲ. ಪಕ್ಕದ ಪುಂಡುವೇಷವೂ ಬಣ್ಣ ಹಚ್ಚಿಯೇ ಬಂದಿರುತ್ತದೆ. ಅದೇ ಬಣ್ಣದ ವೇಷವನ್ನು ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ, ಅಂಗಿ-ಮುಂಡು ಉಟ್ಟವರ ನಡುವೆ ನಿಲ್ಲಿಸಿದರೆ? ಮಂಗಾದಲ್ಲಿ ಎಲ್ಲರದ್ದೂ ಗೆರೆಯ ಮುಖ, ಹಾಗಾಗಿ ದೊಡ್ಡ ಕಣ್ಣು ಒಂದು ಬರೆಯುವ ಪದ್ಧತಿ. ಸಿನಿಮಾದಲ್ಲಿ ಎದುರಿಗೆ ಇಡೊ ಪಾತ್ರದ ಕ್ರಿಸ್ಟೋಫ್ ವಾಲ್ಟ್ಸ್ ಅವರ ನಿಜವಾದ ಮುಖ ಇದೆ. ಅಲ್ಲಿ ಅಲಿಟಾಳ ಕಣ್ಣು ಪದ್ಧತಿಯಾಗಿ ಉಳಿಯುವುದಿಲ್ಲ. ಅದು ಅವಳೊಬ್ಬಳ ಗುಣವಾಗುತ್ತದೆ, ಅವಳು ಈ ಊರಿನವಳಲ್ಲ ಅನ್ನುವ ಗುರುತಾಗುತ್ತದೆ. ಒಂದು ಗೆರೆಯನ್ನೂ ಬದಲಿಸದೆ ಅರ್ಥ ಬದಲಾಯಿತು!

ಅದನ್ನು ನಂಬಿಸುವ ಕೆಲಸ ನ್ಯೂಜಿಲೆಂಡಿನ ವೇಟಾ ಡಿಜಿಟಲ್ ಸಂಸ್ಥೆಯ ಮೇಲೆ ಬಿತ್ತು. ನಟಿ ರೋಸಾ ಸಾಲಜಾರ್ ಸೆಟ್ಟಿನಲ್ಲಿ ಉಳಿದ ನಟರ ಜೊತೆಗೇ ಅಭಿನಯಿಸಿದರು. ಮೈಗೆ ಚಲನೆ ದಾಖಲಿಸುವ ಉಡುಪು, ಮುಖದ ತುಂಬ ಚುಕ್ಕಿ, ತಲೆಯಿಂದ ಮುಂದಕ್ಕೆ ಚಾಚಿದ ಕಡ್ಡಿಯಲ್ಲಿ ಎರಡು ಪುಟ್ಟ ಕ್ಯಾಮೆರಾ. ಆಮೇಲೆ ಆ ಮುಖದ ಚಲನೆಯನ್ನು ನೇರವಾಗಿ ಅಲಿಟಾಳಿಗೆ ಅಂಟಿಸಲಿಲ್ಲ. ಮೊದಲು ಕಂಪ್ಯೂಟರಿನಲ್ಲಿ ಸಾಲಜಾರ್ ಅವರದ್ದೇ ಪ್ರತಿರೂಪ ಮಾಡಿ, ಅದು ಅವರ ಹಾಗೆಯೇ ನಗುತ್ತದಾ, ಹುಬ್ಬು ಗಂಟಿಕ್ಕುತ್ತದಾ ನೋಡಿಕೊಂಡು, ಆಮೇಲೆ ಅಲಿಟಾಳ ಮುಖಕ್ಕೆ ದಾಟಿಸಿದರು. ಅನುವಾದ ಮಾಡುವವರಿಗೆ ಈ ನಡುವಿನ ಮೆಟ್ಟಿಲು ಗುರುತು ಸಿಗುತ್ತದೆ. ಮೂಲವನ್ನು ಮೂಲವಾಗಿಯೇ ಒಮ್ಮೆ ಪೂರ್ತಿ ಓದಿಕೊಳ್ಳುವ ಹಂತ ಅದು.

2017ರ ಡಿಸೆಂಬರಿನಲ್ಲಿ ಮೊದಲ ಟ್ರೇಲರ್ ಬಂತು. ಕಣ್ಣು ನೋಡಿ ಬಹಳ ಜನ ಹೆದರಿಕೆಯಾಗುತ್ತದೆ ಅಂದರು. ಕಣ್ಣನ್ನು ಚಿಕ್ಕದು ಮಾಡುವುದೇ ಸುಲಭದ ದಾರಿ ಅಂತ ನಾವು ಅಂದುಕೊಳ್ಳುತ್ತೇವೆ. ತಂಡ ಮಾಡಿದ್ದು ಬೇರೆ: ನಡುವಿನ ಬಣ್ಣದ ವೃತ್ತವನ್ನು ದೊಡ್ಡದು ಮಾಡಿ, ಸುತ್ತ ಕಾಣುವ ಬಿಳಿಯನ್ನು ಕಡಿಮೆ ಮಾಡಿತು. ಕಣ್ಣು ತುಂಬ ತೆರೆದು ಬಿಳಿ ಕಂಡರೆ ನಾವು ಅದನ್ನು ಗಾಬರಿ ಅಂತ ಓದುತ್ತೇವೆ. ಆ ಬಿಳಿ ಕಡಿಮೆಯಾದದ್ದೇ ನೋಟ ಮೆತ್ತಗಾಯಿತು. ತಪ್ಪು ಅಳತೆಯಲ್ಲಿ ಇರಲಿಲ್ಲ, ಕಣ್ಣೊಳಗಿನ ಪ್ರಮಾಣದಲ್ಲಿ ಇತ್ತು.

ಹೋಲಿಕೆಗೆ 2017ರ ‘ಘೋಸ್ಟ್ ಇನ್ ದ ಶೆಲ್’ ಇದೆ. ಅದೂ ಜಪಾನೀ ಮಂಗಾದಿಂದಲೇ ಹುಟ್ಟಿದ್ದು. 1995ರ ಅನಿಮೇಶನ್ ಸಿನಿಮಾದ ಎಷ್ಟೋ ದೃಶ್ಯಗಳನ್ನು ಅದು ಚೌಕಟ್ಟಿನ ಸಮೇತ ಮತ್ತೆ ಕಟ್ಟಿತು. ಆದರೆ ನಾಯಕಿಯ ಪಾತ್ರಕ್ಕೆ ಸ್ಕಾರ್ಲೆಟ್ ಜೊಹಾನ್ಸನ್ ಬಂದಾಗ, ಜಪಾನೀ ನಟಿ ಯಾಕಿಲ್ಲ ಎಂಬ ದೊಡ್ಡ ಗಲಾಟೆಯೇ ಎದ್ದಿತು. ಚಿತ್ರಗಳನ್ನು ನಿಷ್ಠೆಯಿಂದ ದಾಟಿಸಿದರು, ವ್ಯಕ್ತಿಯನ್ನು ದಾಟಿಸುವಾಗ ಎಡವಿದರು. ‘ಅಲಿಟಾ’ ಹೆಸರು, ಊರು, ಬೆಕ್ಕು ಎಲ್ಲವನ್ನೂ ಬದಲಿಸಿಯೂ ಹುಡುಗಿಯನ್ನು ಉಳಿಸಿಕೊಂಡಿತು ಅಂತ ನನ್ನ ಅಭಿಪ್ರಾಯ. ಸಿಪ್ಪೆ ಸಮೇತ ಕಿತ್ತಳೆ ಕಚ್ಚುವ ಅವಳ ಮುಖವನ್ನು ಮತ್ತೊಮ್ಮೆ ನೋಡಿ. ನನ್ನ ಸ್ಕ್ರೀನಿನಲ್ಲಿ ಆ ಚಿತ್ರ ಈಗ ಹಾಕಿದ್ದೇನೆ, ಎಲ್ಲರಿಗೂ ಕಾಣ್ತಾ ಉಂಟು ಅಂದ್ಕೊಳ್ತೇನೆ. ಪ್ರಶ್ನೆ ಇದ್ದವರು ಕೇಳಬಹುದು.