ಮಕ್ಕಳ ಫೋಟೋ ಬ್ಲರ್ ಆಗ್ತಿದೆಯಾ? ಕ್ಯಾಮೆರಾ ಅಲ್ಲ, ಲೆನ್ಸ್ ಬದಲಿಸಿ ನೋಡಿ

ಮನೆಯೊಳಗೆ ಓಡಾಡುವ ಮಗುವಿನ ಫೋಟೋ ಬ್ಲರ್ ಆದರೆ ಅನೇಕರು ಹೊಸ ಕ್ಯಾಮೆರಾ ಹುಡುಕುತ್ತಾರೆ. ಆದರೆ ಸಾಮಾನ್ಯವಾಗಿ ಕೊರತೆ ಇರುವುದು ಬೆಳಕಿನದ್ದು.

ಕ್ಯಾಮೆರಾ ಜೊತೆ ಬರುವ 18-55 ಎಂಎಂ ಲೆನ್ಸ್ ಅನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ ತೆರೆಯುವುದು ಎಫ್/5.6ರವರೆಗೆ ಮಾತ್ರ. 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಬಿಡುತ್ತದೆ. ಹಾಗಾಗಿ 1/30 ಸೆಕೆಂಡ್ ಇದ್ದ ಶಟರ್ ವೇಗವನ್ನು 1/250ಕ್ಕೆ ಏರಿಸಬಹುದು.

ಎಪಿಎಸ್-ಸಿ ಸೆನ್ಸರ್ ಕ್ಯಾಮೆರಾದಲ್ಲಿ 50 ಎಂಎಂ ಪೋರ್ಟ್ರೇಟ್‌ಗೆ ಸೊಗಸು. ಆದರೆ ಸಣ್ಣ ಫ್ಲ್ಯಾಟ್‌ನಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಅಲ್ಲಿ 35 ಎಂಎಂ ಅನುಕೂಲ. ಕೊಳ್ಳುವ ಮುನ್ನ ಹಳೆಯ ಲೆನ್ಸ್ ಅನ್ನೇ ಕೆಲವು ದಿನ 35ಕ್ಕೆ, ಕೆಲವು ದಿನ 50ಕ್ಕೆ ಇಟ್ಟು ಪರೀಕ್ಷಿಸಿ.

ಹತ್ತಿರದಿಂದ ತೆಗೆಯುವಾಗ ಎಫ್/1.8ರಲ್ಲಿ ಒಂದು ಕಣ್ಣಷ್ಟೇ ಸ್ಪಷ್ಟವಾಗಿ ಬರಬಹುದು. ಆಗ ಎಫ್/2.8 ಇಟ್ಟುಕೊಳ್ಳುವುದು ಒಳ್ಳೆಯದು.