ಶಾಲೆಯ ತಪಾಸಣಾ ವರದಿಯನ್ನು ಓದಿದ್ದೀರಾ?

ಮಕ್ಕಳು ಅಲ್ಲಾಹನು ಒಪ್ಪಿಸಿದ ಅಮಾನತ್ ಎಂದು ಖುತ್ಬಾಗಳಲ್ಲಿ ಕೇಳುತ್ತೇವೆ. ಆ ಅಮಾನತ್ತನ್ನು ದಿನಕ್ಕೆ ಆರೇಳು ಗಂಟೆ ಬೇರೆಯವರ ಕೈಗೆ ಕೊಡುವಾಗ ನಾವು ವಿಚಾರಿಸುವುದು ಫೀಸು ಎಷ್ಟು, ದೀನೀ ಶಿಕ್ಷಣ ಇದೆಯೇ ಎಂದಷ್ಟೇ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇನ್ನೂ ಒಂದು ದಾರಿಯಿದೆ. ಅಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸಿನ ಐದು ಮಕ್ಕಳಿಗೆ ಪೂರ್ಣಾವಧಿ ಪಾಠ ನಡೆಸಿದರೂ ಸಾಕು, ಖಾಸಗಿ ಶಾಲೆ ಸರಕಾರದಲ್ಲಿ ನೋಂದಣಿಯಾಗಬೇಕು. ದೊಡ್ಡ ಖಾಸಗಿ ಶಾಲೆಗಳ ಸಂಘಗಳಿಗೆ ಸೇರದ ಶಾಲೆಗಳನ್ನು ಆಫ್‌ಸ್ಟೆಡ್ ಎಂಬ ಸಂಸ್ಥೆ ತಪಾಸಣೆ ಮಾಡುತ್ತದೆ. ವರದಿಯನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.

ತಪಾಸಕರು ಪಾಠವನ್ನು ಮಾತ್ರ ನೋಡುವುದಿಲ್ಲ. ಪ್ರತಿಯೊಬ್ಬ ಸಿಬ್ಬಂದಿಯ ಹಿನ್ನೆಲೆಯನ್ನು ಯಾವಾಗ ಪರಿಶೀಲಿಸಲಾಯಿತು ಎಂಬ ದಾಖಲೆ ಕೇಳುತ್ತಾರೆ. ಬೆಂಕಿ ಸುರಕ್ಷತೆ, ಶೌಚಾಲಯ, ದೂರು ಕೊಡುವ ವ್ಯವಸ್ಥೆ ಎಲ್ಲವೂ 2014ರ ನಿಯಮಗಳಲ್ಲಿವೆ. ಇವುಗಳಲ್ಲಿ ಲೋಪವಿದ್ದರೆ, ಹಿಫ್ಝ್ ತರಗತಿ ಎಷ್ಟು ಚೆನ್ನಾಗಿದ್ದರೂ ಶಾಲೆ ಮಾನದಂಡ ತಲುಪಿಲ್ಲ ಎಂದೇ ಬರೆಯುತ್ತಾರೆ. ಇದನ್ನು ಧರ್ಮದ ಮೇಲಿನ ದ್ವೇಷವೆಂದು ತಿಳಿಯುವವರು ನಮ್ಮಲ್ಲಿದ್ದಾರೆ. ಕ್ರೈಸ್ತ, ಯಹೂದಿ ಶಾಲೆಗಳಿಗೂ ಇದೇ ನಿಯಮ.

ನರ್ಸರಿಯಲ್ಲಿ ಲೆಕ್ಕ ಇನ್ನೂ ಬಿಗಿ. ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, ಎರಡು ವರ್ಷದವರಾದರೆ 5 ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು ಇರಲೇಬೇಕು.

ಆದರೆ ಸಂಜೆಯ ಮದ್ರಸಾ ಈ ತಪಾಸಣೆಗೆ ಒಳಪಡುವುದಿಲ್ಲ. ನೋಂದಣಿಯ ಪ್ರಸ್ತಾಪ 2015ರಲ್ಲಿ ಬಂದಿತ್ತು, ಜಾರಿಯಾಗಲಿಲ್ಲ. ಹಾಗಾಗಿ ಉಸ್ತಾದರ ಹಿನ್ನೆಲೆ ಪರಿಶೀಲಿಸಿದ್ದೀರಾ, ಮಗು ಹೆದರಿ ಬಂದರೆ ನಾವು ಯಾರಿಗೆ ಹೇಳಬೇಕು ಎಂದು ಅಲ್ಲಿನ ಕಮಿಟಿಯನ್ನು ಕೇಳಬೇಕಾದವರು ತಂದೆತಾಯಿಯೇ.