ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ರೈಲು ಸಂಪರ್ಕ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಕರ್ನಾಟಕದ ಬೆಳಗಾವಿ ಜಿಲ್ಲೆಯ ತಾಲೂಕುಗಳು. ಮೀರಜ್–ಲೋಂಡಾ ರೈಲು ಮಾರ್ಗವು ಈ ಪ್ರದೇಶವನ್ನು ಹಾದುಹೋಗುತ್ತದೆಯಾದರೂ ಮೂರು ತಾಲೂಕು ಕೇಂದ್ರಗಳಲ್ಲಿ ಒಂದೂ ಅದರ ಮೇಲಿಲ್ಲ. ಆದ್ದರಿಂದ ಇಲ್ಲಿನ ರೈಲು ಪ್ರಯಾಣವು ಬಸ್ಸಿನಿಂದ ಆರಂಭವಾಗಿ ಬಸ್ಸಿನಲ್ಲಿಯೇ ಕೊನೆಗೊಳ್ಳುತ್ತದೆ.

ಇತಿಹಾಸ

ಈ ಮಾರ್ಗವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಮೀಟರ್ ಗೇಜ್‌ನಲ್ಲಿ ನಿರ್ಮಿಸಿತು. 1990ರ ದಶಕದಲ್ಲಿ ಇದನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸಲಾಯಿತು. ಪ್ರಸ್ತುತ ಇದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಸುಮಾರು 186 ಕಿ.ಮೀ. ಉದ್ದದ ಲೋಂಡಾ–ಮೀರಜ್ ಜೋಡಿಮಾರ್ಗ ಯೋಜನೆಗೆ 2015–16ರಲ್ಲಿ ಮಂಜೂರಾತಿ ದೊರೆಯಿತು.

ನಿಲ್ದಾಣಗಳು

ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳು ಗೋಕಾಕ ತಾಲೂಕಿನಲ್ಲಿಯೂ ಪಾಶ್ಚಾಪುರ ನಿಲ್ದಾಣವು ಹುಕ್ಕೇರಿ ತಾಲೂಕಿನಲ್ಲಿಯೂ ಇವೆ. ಭಾರತೀಯ ರೈಲ್ವೆಯಲ್ಲಿ ನಿಲ್ದಾಣದ ಹೆಸರಿನ ಕೊನೆಯ ‘ರೋಡ್’ ಎಂಬ ಪದವು ಊರು ನಿಲ್ದಾಣದಿಂದ ದೂರದಲ್ಲಿದ್ದು, ಅಲ್ಲಿಗೆ ರಸ್ತೆಯ ಮೂಲಕ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಸೂಚಿಸುತ್ತದೆ. ಹಿಂದೆ ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿಯ ಜನರು ಮುಖ್ಯವಾಗಿ ಘಟಪ್ರಭಾ ನಿಲ್ದಾಣವನ್ನು ಅವಲಂಬಿಸಿದ್ದಾರೆ. ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಈ ಮಾರ್ಗದಲ್ಲಿ ಸಂಚರಿಸುತ್ತದೆ.

ವಿಸ್ತರಣೆಯ ಪ್ರಯೋಜನಗಳು

ಟ್ರಾಮ್ ಆಗಲಿ ರೈಲಾಗಲಿ, ಹಳಿಯನ್ನು ಊರಿನ ಮಧ್ಯಭಾಗದವರೆಗೆ ವಿಸ್ತರಿಸುವುದರ ಮೊದಲ ಪ್ರಯೋಜನವೆಂದರೆ ವಾಹನ ಬದಲಾವಣೆ ತಪ್ಪುವುದು. ಪ್ರಯಾಣದ ಒಟ್ಟು ಅವಧಿಯಲ್ಲಿ ನಿಲ್ದಾಣವನ್ನು ತಲುಪುವ ಮತ್ತು ಅಲ್ಲಿ ಕಾಯುವ ಸಮಯವೂ ಸೇರುತ್ತದೆ. ಬೆಳಗಾವಿಯ ಕಾಲೇಜುಗಳಿಗೆ ನಿತ್ಯ ಹೋಗಿಬರುವ ವಿದ್ಯಾರ್ಥಿಗಳಿಗೆ, ಆಸ್ಪತ್ರೆಗೆ ತೆರಳುವ ವೃದ್ಧರಿಗೆ ಈ ಉಳಿತಾಯವು ರೈಲಿನ ವೇಗಕ್ಕಿಂತ ಮುಖ್ಯವಾಗಬಹುದು. ಘಟಪ್ರಭೆಯಲ್ಲಿ ಡಾ. ನಾ. ಸು. ಹರ್ಡೀಕರ್ ಮೊದಲಾದವರು ಕಟ್ಟಿದ ಕರ್ನಾಟಕ ಆರೋಗ್ಯಧಾಮಕ್ಕೆ ರೈಲಿನ ಮೂಲಕವೂ ರೋಗಿಗಳು ಬರಬಹುದಾಗಿದೆ. ಗೋಕಾಕ ಜಲಪಾತವನ್ನು ನೋಡಬಯಸುವ ಪ್ರವಾಸಿಗರಿಗೂ ಗೋಕಾಕದ ಕರದಂಟು ಮತ್ತು ಮರದ ಆಟಿಕೆಗಳ ವ್ಯಾಪಾರಕ್ಕೂ ನೇರ ಸಂಪರ್ಕದಿಂದ ಅನುಕೂಲವಾಗುತ್ತದೆ.

ಮಿತಿಗಳು

ಗೋಕಾಕದ ಸುತ್ತಲಿನ ಗುಡ್ಡಗಳು ಮತ್ತು ಘಟಪ್ರಭಾ ಕಣಿವೆಯು ಹಳಿ ನಿರ್ಮಾಣದ ವೆಚ್ಚವನ್ನು ಹೆಚ್ಚಿಸುತ್ತವೆ. ಕಬ್ಬು ಬೆಳೆಯುವ ನೀರಾವರಿ ಭೂಮಿಯ ಸ್ವಾಧೀನವು ರೈತರ ಜೀವನೋಪಾಯಕ್ಕೆ ಸಂಬಂಧಿಸಿದ ವಿಷಯವಾಗಿದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರವು ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವುದರಿಂದ ಅಲ್ಲಿ ರೈಲು ರಸ್ತೆ ಸಾರಿಗೆಯೊಡನೆ ಸ್ಪರ್ಧಿಸಬೇಕಾಗುತ್ತದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಹೊಸ ಮಾರ್ಗಗಳಿಗೆ ಬೇಕಾಗುವ ಕಾಲವೂ ಗಮನಾರ್ಹ: 2010–11ರಲ್ಲಿ ಮಂಜೂರಾದ 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗದ ಕಾಮಗಾರಿ ಒಂದು ದಶಕ ಕಳೆದರೂ ಪೂರ್ಣಗೊಳ್ಳಲಿಲ್ಲ.

ಪರ್ಯಾಯ ಕ್ರಮಗಳು

ದಿನಕ್ಕೆ ಒಂದೆರಡು ಗಾಡಿಗಳು ಮಾತ್ರ ಓಡುವ ಶಾಖಾಮಾರ್ಗಕ್ಕಿಂತ, ರೈಲಿನ ವೇಳೆಗೆ ಹೊಂದಿಕೊಂಡು ಪಟ್ಟಣದಿಂದ ನಿಲ್ದಾಣಕ್ಕೆ ಓಡುವ ಬಸ್ಸುಗಳು ಕಡಿಮೆ ವೆಚ್ಚದಲ್ಲಿ ಹೆಚ್ಚು ಜನರಿಗೆ ಉಪಯುಕ್ತವಾಗಬಲ್ಲವು. ಜೋಡಿಮಾರ್ಗವಾದ ಭಾಗಗಳಲ್ಲಿ ಎದುರು ಗಾಡಿಗಾಗಿ ಕಾಯುವುದು ತಪ್ಪುವುದರಿಂದ, ಬೆಳಗಾವಿ ಮತ್ತು ಮೀರಜ್ ನಡುವೆ ಹೆಚ್ಚು ಸ್ಥಳೀಯ ಗಾಡಿಗಳನ್ನು ಓಡಿಸಲು ಅವಕಾಶವಾಗುತ್ತದೆ.